ಒಂದು ಬೆರಳು ಸಡಿಲ

ಸದ್ದಾಗದಂತೆ ಚಿಲಕ ತೆಗೆದು ಹಿತ್ತಲಿಗೆ ಕಾಲಿಡುವಷ್ಟರಲ್ಲಿ ನಾದಿನಿ ಬಂದು ಕೈ ಹಿಡಿದಳು.

“ಎಲ್ಲಿಗೆ ಅತ್ತಿಗೆ? ಇನ್ನೇನು ವ್ಯಾನ್ ಬಂದ್ಬಿಡುತ್ತೆ. ಜನ ಏನಂದ್ಕೋತಾರೆ?”

“ಅಂದ್ಕೊಳ್ಲಿ ಬಿಡು. ಈಗ ಹೋಗಿ ಈಗ ಬರ್ತೀನಿ.”

ಬೆಳಗಿನಿಂದ ಅವಳು ಕೂತಲ್ಲಿ ಕೂತಿರಲಿಲ್ಲ. ನಡುಮನೆಯಲ್ಲಿ, ತಲೆದೆಸೆಗೆ ಹಚ್ಚಿಟ್ಟ ದೀಪದ ಬಳಿ, ತೀರಿಕೊಂಡ ಗಂಡ ಮಲಗಿದ್ದ, ತಾನೇ ಹೊಲಿದುಕೊಂಡಿದ್ದ ಅಂಗಿಯಲ್ಲಿ. ನಾದಿನಿ ಕುತ್ತಿಗೆಯ ಗುಂಡಿಯನ್ನೂ ಬಿಡದೆ ಹಾಕಿದ್ದಳು. ಹೊರಗೆ ಕ್ಷೌರದಂಗಡಿಯವನ ಮಾತು: “ನನ್ನ ಪ್ಯಾಂಟನ್ನ ಇವತ್ತು ನಾಳೆ ಅಂತ ಆಟ ಆಡಿಸ್ದ. ಕಾಡಿನ ಗಿಡ ನೋಡೋಕೆ ಮಾತ್ರ ಒಂದು ಭಾನುವಾರ ತಪ್ಪಿಸ್ದೋನಲ್ಲ, ಪುಣ್ಯಾತ್ಮ.” ಯಾರೋ ನಕ್ಕರು, ನಕ್ಕಿದ್ದಕ್ಕೆ ನಾಚಿ ಕೆಮ್ಮಿದರು.

ತಾನು ಗಂಡನಿಗೆ ಹೇಳಿದ್ದು ನಿಜವಾಗಿದೆಯೋ ಇಲ್ಲವೋ, ಅವನನ್ನು ಎತ್ತುವ ಮುಂಚೆ ಅವಳಿಗೆ ತಿಳಿಯಬೇಕಿತ್ತು.

*

ಊರಂಚಿನ ಕಾಡಿನಲ್ಲಿ ಅವಳ ದರ್ಜಿ ಗಂಡ ಗಿಡಗಳಿಗೆ ಗುರುತಿನ ನೂಲು ಕಟ್ಟುತ್ತಿದ್ದ. ಚಿಗುರಿಗೆ ಹಸಿರು, ಮೊಗ್ಗಿಗೆ ಕೆಂಪು. ಹೂವಾದರೆ ಬಿಚ್ಚಿ ಜೇಬಿಗೆ.

“ಗಿಡ ಏನು ಓಡಿಹೋಗುತ್ತಾ, ವಾರ ವಾರ ಹಾಜರಿ ತಗೊಳ್ಳೋಕೆ?” ಎಂದು ಅವಳು ರೇಗಿಸುವಳು.

“ಓಡಲ್ಲ ಕಣೇ, ಬೆಳೆಯುತ್ತೆ,” ಎನ್ನುತ್ತ ಅವನು ಕಾಲರ್ ಅಳತೆ ನೋಡುವವನಂತೆ ನೂಲಿನೊಳಗೆ ಬೆರಳಿಟ್ಟು ಗಂಟು ಹಾಕುವನು.

ಬಂಡೆಯ ಪಕ್ಕದ ಗಿಡವೊಂದು ವರ್ಷಗಳಿಂದ ಬರೀ ಎಲೆ ಬಿಟ್ಟು ಅವನನ್ನು ಸತಾಯಿಸಿತ್ತು. ಈ ಸಲ ಮಳೆ ನಿಂತ ಮೇಲೆ ಮೊಗ್ಗಾಯಿತು. ಜ್ವರದಲ್ಲೇ ಹೋಗಿ ನೂಲು ಕಟ್ಟಿ ಬಂದವನು ಹಾಸಿಗೆ ಹಿಡಿದ. ಗಿಡ ನೋಡಿ ಬಾ ಎಂದು ಆಸ್ಪತ್ರೆಯಿಂದ ಅವಳನ್ನು ಕಳಿಸಿದ. ಅವನನ್ನು ಬಿಟ್ಟು ಅಷ್ಟು ದೂರ ಹೋಗಲು ಅವಳಿಗೆ ಮನಸ್ಸು ಬರಲಿಲ್ಲ. ಗೇಟಿನ ತನಕ ಹೋಗಿ ಬಂದಳು.

“ಅರಳಿತಾ?”

“ಹೂಂ. ಬಿಳಿ.”

ಅವನು ಕಣ್ಣು ಮುಚ್ಚಿ ನಕ್ಕ.

*

ಏದುಸಿರು ಬಿಡುತ್ತ ಬಂಡೆ ತಲುಪಿದಳು. ಮೊಗ್ಗು ಇನ್ನೂ ಮುಚ್ಚಿತ್ತು. ಜ್ವರದ ಕೈ ಹಾಕಿದ್ದ ಗಂಟು ಬಿಗಿಯಾಗಿ, ದಪ್ಪಗಾದ ತೊಟ್ಟಿನೊಳಗೆ ನೂಲು ಇಳಿದಿತ್ತು. ಅವಳಿಗೆ ಅಳು ಒತ್ತರಿಸಿ ಬಂತು. ಉಗುರಿನಿಂದ ಕೆದಕಿ, ಹಲ್ಲಿನಿಂದ ಬಿಡಿಸಿ, ಅದೇ ನೂಲನ್ನು ಬೆರಳಿನಷ್ಟು ಸಡಿಲ ಬಿಟ್ಟು ಕಟ್ಟಿದಳು. ಮೊಗ್ಗಿನ ತುದಿಯಲ್ಲಿ ಚೂರು ಹಳದಿ ಇಣುಕುತ್ತಿತ್ತು. ದೂರದಲ್ಲಿ ಹಾರ್ನ್ ಕೇಳಿಸಿತು.

ಓಡಿ ಬಂದಾಗ ನಾಲ್ವರು ಅವನನ್ನು ಎತ್ತಲು ಬಗ್ಗಿದ್ದರು.

“ಒಂದ್ನಿಮಿಷ ತಡೀರಿ,” ಎಂದು ಅವರ ನಡುವೆ ನುಗ್ಗಿದಳು. ಕೂತು, ಅವನ ಕಿವಿಗೆ ಬಾಯಿ ಹಚ್ಚಿದಳು. “ಇನ್ನೂ ಅರಳಿಲ್ಲ ಕಣ್ರೀ. ಬಿಳಿ ಅಲ್ಲ, ಹಳದಿ.”

ಆಮೇಲೆ ಮಣ್ಣು ಮೆತ್ತಿದ ಒಂದು ಬೆರಳನ್ನು ಅವನ ಕಾಲರ್ ಒಳಗೆ ತೂರಿಸಿ ನೋಡಿ, ಕುತ್ತಿಗೆಯ ಗುಂಡಿ ಬಿಚ್ಚಿದಳು.