ರಂಪಣಿ ಕೂಗಿಗೆ ಬಿಟ್ಟುಬಂದ ಪಿಚ್ಚರ್

ಮೀನು ಮಾರಿದವಳಿಗೆ ಕಿವಿರು ಎತ್ತಿದರೆ ಸಾಕು, ತಾಜಾ ಹೌದೋ ಅಲ್ಲವೋ ತಿಳಿಯುತ್ತದೆ. ಪಿಚ್ಚರನ್ನೂ ನಾನು ಹಾಗೆಯೇ ನೋಡುತ್ತ ಬಂದವಳು. ಎರಡನೇ ಕ್ಲಾಸಿಗೆ ಶಾಲೆ ಬಿಟ್ಟೆ, ಟಾಕೀಸು ಬಿಡಲಿಲ್ಲ. ಕಪ್ಪು-ಬಿಳುಪಿನ ಕಾಲದಲ್ಲಿ ಹಾಡು ಚಂದ. ಆದರೆ ಹೊಳೆ ದಾಟಿ ಬಂದ ನಾಯಕಿಯ ಸೀರೆಯಂಚೂ ಒದ್ದೆಯಾಗುತ್ತಿರಲಿಲ್ಲ. ಬಣ್ಣ ಬಂದ ಮೇಲೆ ನಾಯಕ ಅಗಲ ಪ್ಯಾಂಟು ಹಾಕಿ ಮರಳಿನಲ್ಲಿ ಹೊಡೆದಾಡಿದ. ಅದೇ ಪ್ಯಾಂಟಲ್ಲಿ ಬಲೆ ಎಳೆಯಲಿ ನೋಡುವ. ಆಮೇಲೆ ಅಣ್ಣ-ತಂಗಿ ಅಳುವ ಪಿಚ್ಚರುಗಳು. ನಾನೂ ಅತ್ತೆ, ಸುಳ್ಳು ಹೇಳುವುದಿಲ್ಲ. ಈಗಿನವು ಬರೀ ಗದ್ದಲ, ಆದರೆ ಸಮುದ್ರವನ್ನು ಸಮುದ್ರದ ಹಾಗೇ ತೋರಿಸುತ್ತಾರೆ. ನಮ್ಮ ಈ ಕರಾವಳಿಯ ಭಾಷೆ ಮೊದಲು ನಗಿಸಲು ಬರುವ ಅಡಿಗೆಭಟ್ಟನ ಬಾಯಲ್ಲಿ ಮಾತ್ರ ಇತ್ತು. ಈಗ ನಾಯಕನೇ ಆಡುತ್ತಾನೆ.

ಒಂದು ಪಿಚ್ಚರಿನ ಕೊನೆ ಮಾತ್ರ ನೋಡಿರಲಿಲ್ಲ. ಐವತ್ತು ವರ್ಷದ ಹಿಂದಿನ ಮಾತು. ನಮ್ಮನೆಯವರು ದೋಣಿಯಲ್ಲಿ ಹೋಗಿ ಮೂರು ದಿನವಾದರೂ ಸುದ್ದಿಯಿರಲಿಲ್ಲ. ಮನೆಯಲ್ಲಿ ಕೂತರೆ ತಲೆ ಕೆಡುತ್ತದೆಂದು ಗೆಳತಿ ಸೀತು ಮಧ್ಯಾಹ್ನದ ಆಟಕ್ಕೆ ಎಳೆದೊಯ್ದಳು. ಪಿಚ್ಚರಿನಲ್ಲೂ ಒಬ್ಬಳು ದಡದಲ್ಲಿ ದೀಪ ಹಿಡಿದು ಗಂಡನಿಗೆ ಕಾಯುತ್ತಿದ್ದಳು. ಅಷ್ಟರಲ್ಲಿ ಹೊರಗೆ ರಂಪಣಿ ಕೂಗು ಬಿತ್ತು. ಮೀನಿನ ಹಿಂಡು ದಡಕ್ಕೆ ಬಂದರೆ ಆ ದೊಡ್ಡ ರಂಪಣಿ ಬಲೆಯ ಹಗ್ಗಕ್ಕೆ ಇಡೀ ಊರೇ ಕೈ ಹಾಕಬೇಕು. ಟಾಕೀಸು ಖಾಲಿ, ನಾನೂ ಎದ್ದು ಓಡಿದೆ. ಕಾಲು ಉಳುಕಿದ್ದ ಸೀತು ಒಬ್ಬಳೇ ಉಳಿದಳು. ಸಂಜೆ ಕೇಳಿದರೆ, ದೋಣಿ ಬಂತು, ಗಂಡ ಇಳಿದ, ಶುಭಂ ಎಂದಳು. ಮರುದಿನ ನಮ್ಮನೆಯವರೂ ಬಂದರು.

ಈಗ ಅದೇ ಪಿಚ್ಚರನ್ನು ಬೈಂದೂರಿನಲ್ಲಿ ಹುಡುಗರು ಪರದೆ ಕಟ್ಟಿ ತೋರಿಸುತ್ತಾರೆಂದು ಮೊಮ್ಮಗಳು ಪ್ರೇಕ್ಷಾ ಹೇಳಿದಾಗ ನನಗೆ ಎರಡು ದಿನ ಊಟ ಸೇರಲಿಲ್ಲ. ಕಣ್ಣಾರೆ ಆ ದೋಣಿ ಬರುವುದನ್ನು ನೋಡಬೇಕು! ತೆಕ್ಕಟ್ಟೆಯಲ್ಲಿ ಮಗಳ ಮನೆಯಲ್ಲಿರುವ ಸೀತು ಮಾತ್ರ ಮಂಡಿನೋವು, ಬಿಸಿಲು, ಬಸ್ಸು ರಶ್ಶು ಎಂದು ಒಂದೊಂದೇ ನೆಪ ತೆಗೆದಳು. ಬಿಡಲಿಲ್ಲ, ಪ್ರೇಕ್ಷಾಳನ್ನು ಕಳಿಸಿ ಕರೆಸಿಕೊಂಡೆ.

ದೀಪ ಹಿಡಿದವಳು ಪರದೆಗೆ ಬಂದದ್ದೇ ನಾನು ಕುರ್ಚಿಯ ತುದಿಗೆ ಬಂದೆ. ಇಲ್ಲಿಂದ ಮುಂದೆ ನನಗೆಲ್ಲ ಹೊಸತು. ದೋಣಿ ಬಂತು. ತೆರೆಯ ಮೇಲೆ ತೇಲುತ್ತ, ಖಾಲಿ ಬಂತು. ಅವಳು ದೀಪ ಆರಿಸಿ, ದೋಣಿಯ ಹುಟ್ಟನ್ನು ಹೆಗಲಿಗಿಟ್ಟು ಮನೆಗೆ ನಡೆದಳು. ಮುಗಿಯಿತು.

ತಿರುಗಿ ನೋಡಿದರೆ ಸೀತು ಸೆರಗಿನ ತುದಿ ಸುತ್ತುತ್ತ ಕೂತಿದ್ದಳು.

"ಮೂರ್ ದಿನ ಕಡ್ಲ್ ಕಾಣ್ತಾ ಕೂಕಂಡಿದ್ದೆ ನೀನ್. ಎಂತ ಹೇಳೂದ್ ಮಾರಾಯ್ತಿ ನಾನ್?"

ನಾನು ಅವಳ ಕೈ ಹಿಡಿದುಕೊಂಡೆ. ಪ್ರತಿ ಪಿಚ್ಚರಿನ ನಂತರ ನನ್ನ ಅಭಿಪ್ರಾಯ ಕೇಳಿ ವಿಡಿಯೋ ಮಾಡುವ ಪ್ರೇಕ್ಷಾ ಅಷ್ಟರಲ್ಲಿ ಮೊಬೈಲು ಎತ್ತಿಯಾಗಿತ್ತು.

"ಅಮ್ಮಮ್ಮ, ಹೆಂಗಿತ್ತ್?"

"ಹಾಡ್ ಲಾಯ್ಕ್, ಸಮುದ್ರವೂ ಲಾಯ್ಕ್. ಕಡೀಗ್ ಮಾತ್ರ ಸೀತು ಹೇಳಿದ್ ಹಾಂಗೇ ಆಗ್ಬೇಕಿತ್ತ್."

ಸೀತು ಈಗ ತಲೆಯೆತ್ತಿದಳು. ಇಷ್ಟು ದೂರ ಎಳೆದು ತಂದವಳು ಒಂದು ಚಾ ಆದರೂ ಕುಡಿಸುತ್ತೀಯಾ ಇಲ್ಲವಾ ಎಂದು ಕೇಳಿದಳು.