ಲಕ್ಕೂರಿನ ಸಾವಿಗೆ ಗೌನಿಪಲ್ಲಿಯ ಸ್ನಾನ

ಲಕ್ಕೂರಿನ ಒಂದು ಮನೆಯಲ್ಲಿ ಯಾರಾದರೂ ಸತ್ತರೆ ಗೌನಿಪಲ್ಲಿಯ ದೊಡ್ಡನಾರಾಯಣಪ್ಪನ ಮನೆಯಲ್ಲಿ ಎಲ್ಲರೂ ತಲೆಗೆ ನೀರು ಹಾಕಿಕೊಳ್ಳುತ್ತಿದ್ದರು. ಎರಡು ಮನೆಗೂ ಹೆಣ್ಣು ಕೊಟ್ಟು ತಂದ ನಂಟಿಲ್ಲ, ಕುಲವೂ ಬೇರೆ. ಸಾವಿಗೆ ಯಾರೂ ಹೋಗುತ್ತಲೂ ಇರಲಿಲ್ಲ. ಬರೀ ಸ್ನಾನ.

ಸೊಸೆ ಗಂಗಾಲಕ್ಷ್ಮಿ ಬಂದ ಹೊಸದರಲ್ಲಿ ಯಾಕೆಂದು ಕೇಳಿದ್ದಳು. "ಪದ್ಧತಿ ಕಣಮ್ಮ" ಅಂದಿದ್ದ ಮಾವ. ಆ ಮನೆಯ ಗಂಡಸರು ಈ ಒಂದು ಮಾತು ಕಲಿತರೆ ಸಾಕು, ಸಾಯುವವರೆಗೂ ಯಜಮಾನಿಕೆ ನಡೆಸಬಹುದಿತ್ತು.

ಅವರ ಇನ್ನೊಂದು ಬಂಡವಾಳ ಮಾವಿನ ತೋಪಿನಲ್ಲಿ ನಿಂತಿದ್ದ ಕಲ್ಲು. ಅದರ ಮೇಲೆ ಬಳೆ ತೊಟ್ಟು ಎತ್ತಿದ ಒಂದು ಕೈ. ಪಾಳೆಯಗಾರರ ಕಾಲದಲ್ಲಿ ಗಂಡನ ಚಿತೆ ಹತ್ತಿದಳೆಂದು ಹೇಳುವ ಆ ಮನೆಯ ಸೊಸೆಯನ್ನು ಪೇರಂಟಾಲಮ್ಮ ಎಂದು ಪೂಜಿಸುತ್ತಿದ್ದರು. ಅವಳ ಸ್ವಂತ ಹೆಸರು ಒಬ್ಬರಿಗೂ ಗೊತ್ತಿರಲಿಲ್ಲ. ಅವಳ ಹೆಸರು ಹೇಳಿಕೊಂಡು ಮದುವೆಮನೆಗಳಲ್ಲಿ ಮುಂದಿನ ಕುರ್ಚಿಗೆ ಮಾತ್ರ ಎಲ್ಲರಿಗಿಂತ ಮೊದಲು ಹೋಗಿ ಕೂರುತ್ತಿದ್ದರು.

ಗಂಗಾಲಕ್ಷ್ಮಿಯ ಗಂಡ ಜ್ವರದಲ್ಲಿ ಹೋಗಿ ನಾಲ್ಕು ವರ್ಷವಾಗಿತ್ತು. ಅವಳು ಊರಿನ ಹಾಲಿನ ಡೈರಿ ನೋಡಿಕೊಂಡು ಮಗಳು ಧನಶ್ರೀಯನ್ನು ಓದಿಸುತ್ತಿದ್ದಳು. ಡೈರಿಯ ಮೋಟಾರು ಕೆಟ್ಟಾಗಲೆಲ್ಲ ವಕ್ಕಲೇರಿಯಿಂದ ಕದಿರೇಶ್ ಬರುತ್ತಿದ್ದ. ಅವನು ಪ್ರೀತಿಯ ಮಾತಾಡಿದವನಲ್ಲ. ಹೊರಡುವ ಮುಂಚೆ, ಯಾರೂ ಹೇಳದೆಯೇ, ಅವಳ ಸ್ಕೂಟರಿನ ಬ್ರೇಕು ಹಿಡಿದು ನೋಡಿ ಬಿಗಿ ಮಾಡಿ ಹೋಗುತ್ತಿದ್ದ. ಕೊನೆಗೆ ಅವಳೇ ಕೇಳಿದಳು: "ನನ್ನ ಮದುವೆ ಆಗ್ತೀಯೋ, ಇಲ್ಲ ಸ್ಕೂಟರ್ನೇ ಆಗ್ತೀಯೋ?" ಅವನು ಸ್ಪ್ಯಾನರ್ ಕೆಳಗಿಟ್ಟು ಕಿವಿಯವರೆಗೂ ಕೆಂಪಾದ.

ದೊಡ್ಡನಾರಾಯಣಪ್ಪ ಕೂಗಾಡಲಿಲ್ಲ. ಎಲೆ ಅಡಿಕೆ ಅಗಿಯುತ್ತಲೇ ಹೇಳಿದ: "ಹೋಗೋದಾದ್ರೆ ಹೋಗಮ್ಮ. ಮಗು ಇಲ್ಲೇ ಇರ್ತದೆ. ಪೇರಂಟಾಲಮ್ಮನ ಮನೆ ಕುಡಿ ಅದು. ಆ ತಾಯಿ ಬೆಂಕಿಗೆ ಬಿದ್ಲು, ನೀನು ರಿಪೇರಿಯೋನ ಹಿಂದೆ ಬೀಳ್ತೀಯ. ಅಷ್ಟೇ ವ್ಯತ್ಯಾಸ."

ಕೋರ್ಟಿಗೆ ಹೋದರೆ ಮಗು ತನ್ನದೇ ಎಂದು ಗಂಗಾಲಕ್ಷ್ಮಿಗೆ ಗೊತ್ತಿತ್ತು. ಆದರೆ ಒಂಬತ್ತು ವರ್ಷದ ಹುಡುಗಿಯನ್ನು ಪೊಲೀಸರನ್ನು ಮುಂದಿಟ್ಟುಕೊಂಡು ಅಜ್ಜಿಯ ತೊಡೆಯಿಂದ ಎಳೆದು ತರಲು ಅವಳಿಗೆ ಮನಸ್ಸಿರಲಿಲ್ಲ.

ಅದೇ ವಾರ ಲಕ್ಕೂರಿನಿಂದ ಫೋನ್ ಬಂತು. ಮನೆಯವರೆಲ್ಲ ಬಚ್ಚಲ ಮುಂದೆ ಸಾಲು ನಿಂತರು. ಸಂಬಂಧವಿಲ್ಲದ ಸಾವಿಗೆ ಇಷ್ಟು ಚೆಂದ ಮೈಲಿಗೆಯಾಗುವ ಇವರಿಗೆ, ಮನೆಯೊಳಗೆ ಬದುಕಿರುವ ಹೆಂಗಸು ಮಾತ್ರ ಕಣ್ಣಿಗೆ ಬೀಳುವುದಿಲ್ಲವಲ್ಲ ಎಂದು ಗಂಗಾಲಕ್ಷ್ಮಿಗೆ ಹೇಸಿಗೆಯಾಯಿತು. ಅವಳು ನೀರು ಮುಟ್ಟಲಿಲ್ಲ. ಶ್ರೀನಿವಾಸಪುರದ ಮೇಲೆ ಹೋಗುವ ಬಸ್ಸು ಹತ್ತಿ, ಕೋಲಾರದಲ್ಲಿ ಇಳಿದು, ಮಾಲೂರಿನ ಬಸ್ಸು ಹಿಡಿದು ಲಕ್ಕೂರಿಗೆ ಹೋದಳು.

ಸಾವಿನ ಮನೆಯ ಜಗಲಿಯಲ್ಲಿ ಕೂತಿದ್ದ ಹಿರಿಯಳು ಶ್ಯಾಮಲಮ್ಮ. ಊರಿನ ಹೆಸರು ಕೇಳಿ ಕಣ್ಣು ಕಿರಿದು ಮಾಡಿ ನೋಡಿದಳು.

"ಗೌನಿಪಲ್ಲಿಯೋರಾ? ಅಂತೂ ಬಂದ್ರಾ ತಾಯಿ! ನೀರು ಹುಯ್ಕೊಂಡು ಹುಯ್ಕೊಂಡು ನಿಮ್ ಬಾವಿ ಬತ್ತಿಹೋಯ್ತಾ?"

"ಯಾಕೆ ಹುಯ್ಕೊತೀವಿ ಅಂತ ಕೇಳಕ್ಕೇ ಬಂದೆ, ಅಜ್ಜಿ."

ಮುದುಕಿ ಅವಳ ಕೈ ಹಿಡಿದು ಹೊಲಕ್ಕೆ ಕರೆದೊಯ್ದಳು. ಹುಣಸೆಮರದ ಕೆಳಗೆ ಸುಣ್ಣ ಬಳಿದ ಹಳೆಯ ಸಮಾಧಿ.

"ಇವಳು ಆಂಜಿನಮ್ಮ. ನಮ್ ಮನೆಗೆ ಮೂಲ. ನಿಮ್ಮೋರು ಪೇರಂಟಾಲಮ್ಮ ಅಂತೀರಲ್ಲ, ಇವಳೇ ಕಣೇ. ಬೆಂದೋಳಿಗೆ ಸಮಾಧಿ ಎಲ್ಲಿಂದ ಬರ್ತದೆ?"

ಗಂಗಾಲಕ್ಷ್ಮಿ ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟಳು. ಶ್ಯಾಮಲಮ್ಮ ಹೇಳುತ್ತಾ ಹೋದಳು. ಹುಣಸೆಹಣ್ಣು ತುಂಬಲು ಗಾಡಿ ಕಟ್ಟಿಕೊಂಡು ಗೌನಿಪಲ್ಲಿಗೆ ಹೋಗುತ್ತಿದ್ದ ಲಕ್ಕೂರಿನ ಪೆದ್ದಪ್ಪನೆಂಬುವನು ಆಂಜಿನಮ್ಮನ ಕೈಯಿಂದ ನೀರು ಕುಡಿಯುತ್ತಿದ್ದನಂತೆ. ಬೊಗಸೆ ತುಂಬಿ ಚೆಲ್ಲಿದರೂ ಇಬ್ಬರಿಗೂ ಗೊತ್ತಾಗುತ್ತಿರಲಿಲ್ಲವಂತೆ. ಗಂಡ ಸತ್ತಾಗ, ಅವನ ಪಾಲಿನ ಜಮೀನಿಗೆ ಆಸೆಬಿದ್ದ ಮೈದುನರು ಕೈಗೂಸನ್ನು ಕಿತ್ತುಕೊಂಡು ಅವಳಿಗೂ ಸೇರಿಸಿ ಚಿತೆ ಒಟ್ಟಿದರು. ಮಿಂದು ಬರ್ತೀನಿ ಅಂತ ಬಾವಿಗೆ ಹೋದವಳು ಅಲ್ಲಿಂದಲೇ ಪೆದ್ದಪ್ಪನ ಗಾಡಿ ಹತ್ತಿದಳು. ಮೈದುನರು ಒಂದೇ ಹೆಣ ಸುಟ್ಟು, ಎರಡು ಸುಟ್ಟೆವೆಂದು ತಮಟೆ ಬಾರಿಸಿದರು. ಓಡಿಹೋದಳೆಂದರೆ ಮಾನ ಹೋಗುತ್ತದೆ, ಬೆಂದಳೆಂದರೆ ಬರುತ್ತದೆ.

"ಮಗು?"

"ದೊಡ್ಡೋನಾದ್ಮೇಲೆ ಹುಡುಕ್ಕೊಂಡು ಬಂದ. ಇವಳು ಮುದುಕಿಯಾಗಿ ಸತ್ತಾಗ, ಹೆತ್ತ ತಾಯಿ ಅಂತ ನಿಮ್ಮೂರಿಗೆ ಹೋಗಿ ತಲೆಗೆ ನೀರು ಹುಯ್ಕೊಂಡ. ಇಲ್ಲಿಯೋರು ಅವನ ಒಡಹುಟ್ಟಿದೋರು, ಅವರಿಗೂ ಹುಯ್ಕೊಂಡ. ಯಾಕೆ ಅಂತ ಊರ ಮುಂದೆ ಬಾಯಿಬಿಡೋ ಧೈರ್ಯ ಮಾತ್ರ ಬರಲಿಲ್ಲ."

ಸಂಜೆ ಗಂಗಾಲಕ್ಷ್ಮಿ ಮನೆಗೆ ಬಂದು ಪಡಸಾಲೆಯಲ್ಲಿ ನಿಂತು ಅಷ್ಟನ್ನೂ ಹೇಳಿದಳು. ಅತ್ತೆ ದೊಡ್ಡವೆಂಕಟಮ್ಮ ಅವರೆಕಾಯಿ ಬಿಡಿಸುವುದನ್ನು ನಿಲ್ಲಿಸಿದಳು. ದೊಡ್ಡನಾರಾಯಣಪ್ಪ ಬೆಚ್ಚಿಬೀಳಲಿಲ್ಲ.

"ಗೊತ್ತು ಬಿಡಮ್ಮ. ನಮ್ಮಪ್ಪ ಸಾಯೋವಾಗ ಹೇಳಿದ್ರು. ಗಂಡಸರಿಗೆ ಮಾತ್ರ ಹೇಳೋ ವಿಷಯ. ಊರೋರು ಕೈ ಮುಗೀತಾರೆ, ಮುಗೀಲಿ. ನಿಂದೇನು ಗಂಟು ಹೋಗ್ತದೆ?"

"ನನ್ ಮಗಳು ಹೋಗ್ತಾಳಲ್ಲ ಮಾವ. ಬೆಂಕಿಗೆ ಬಿದ್ದೋಳ ಹೆಸರು ಹೇಳಿ ತಾನೇ ಅವಳನ್ನ ಕಿತ್ಕೊತಿರೋದು? ನಿಮ್ ತಾತಂದಿರೂ ಹಿಂಗೇ ಕಿತ್ಕೊಂಡ್ರು. ಅವರು ಚಿತೆ ಒಟ್ಟಕ್ಕಾದ್ರೂ ಮೈ ಬಗ್ಗಿಸಿದ್ರು. ನೀವು ಕೂತಲ್ಲೇ ಎಲೆ ಅಗೀತಾ ಮಾಡ್ತಿದ್ದೀರಿ."

"ಬಾಯಿ ಜಾಸ್ತಿಯಾಯ್ತು ಗಂಗಾ!"

ಆಗ ಅತ್ತೆ ಎದ್ದಳು. ಮದುವೆಯಾದಾಗಿನಿಂದ ಪೂಜೆಯ ದಿನ ನೀರೂ ಕುಡಿಯದೆ ಕಲ್ಲಿನ ಮುಂದೆ ಕೂತು ಬಂದ ಹೆಂಗಸು ಅವಳು.

"ಏನ್ರೀ, ನಿಮಗೆ ಗೊತ್ತಿತ್ತಾ? ಹಸಿಜೀವ ಸುಟ್ಟುಕೊಂಡ್ಲಲ್ಲಾ ಅಂತ ವರ್ಷವರ್ಷ ನಾನು ಅಳ್ತಿದ್ರೆ, ಪಕ್ಕದಲ್ಲಿ ನಿಂತು ತೆಂಗಿನಕಾಯಿ ಒಡೀತಿದ್ರಲ್ಲ. ನಗು ಬರ್ತಿರಲಿಲ್ವಾ?"

ಅವಳು ಒಳಗೆ ಹೋಗಿ ಧನಶ್ರೀಯ ಬಟ್ಟೆಗಳನ್ನು ಮಡಿಸತೊಡಗಿದಳು. "ಕರ್ಕೊಂಡ್ಹೋಗೇ. ಭಾನುವಾರ ಭಾನುವಾರ ನಾನೇ ಬಂದು ನೋಡ್ತೀನಿ. ಮೊಮ್ಮಗಳನ್ನ ನೋಡಕ್ಕೆ ಇವರ ಪದ್ಧತಿ ಬೇಕಿಲ್ಲ ನಂಗೆ."

ಹೊರಡುವ ಬೆಳಿಗ್ಗೆ ಕದಿರೇಶ್ ಸಾಮಾನಿಗೆಂದು ಸಣ್ಣ ಟೆಂಪೋ ತಂದಿದ್ದ. ಬೀದಿಯಲ್ಲಿ ಜನ ಸೇರಿದ್ದರು. ದೊಡ್ಡನಾರಾಯಣಪ್ಪ ಹೊಸ ಪಂಚೆ ಉಟ್ಟು ಹೆಬ್ಬಾಗಿಲಲ್ಲಿ ನಿಂತಿದ್ದ.

"ಪೇರಂಟಾಲಮ್ಮ ರಾತ್ರಿ ಕನಸಲ್ಲಿ ಬಂದಿದ್ಲಪ್ಪ" ಅಂತ ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದ. "ಹುಡುಗೀನ ಮಗು ಸಮೇತ ಕಳಿಸಿಕೊಡು ಅಂದ್ಲು. ತಾಯಿ ಮಾತು ಮೀರೋಕಾಗ್ತದಾ?"

ಕೆಲವರು ಆಗಲೇ ಕೈ ಮುಗಿಯುತ್ತಿದ್ದರು. ಮಗಳನ್ನು ಟೆಂಪೋದಲ್ಲಿ ಕೂರಿಸಿದ್ದ ಗಂಗಾಲಕ್ಷ್ಮಿ ಒಂದು ಕಾಲು ಮೇಲಿಟ್ಟವಳು ಕೆಳಗಿಳಿದಳು. ಸುಮ್ಮನೆ ಹೋಗಿದ್ದರೆ ಸುಲಭವಿತ್ತು. ಮುಂದಿನ ವರ್ಷಕ್ಕೆ ತೋಪಿನಲ್ಲಿ ಅವಳ ಹೆಸರಿಗೂ ಒಂದು ಕಲ್ಲು ಏಳುತ್ತಿತ್ತು.

"ನನಗೆ ಯಾರ ಕನಸೂ ಬಿದ್ದಿಲ್ಲ, ಮಾವ" ಅಂದಳು, ಬೀದಿಯ ಕೊನೆಗೂ ಕೇಳುವಂತೆ. "ಇವನು ನಂಗಿಷ್ಟ. ನಾನೇ ಕೇಳ್ದೆ, ನಾನೇ ಹೋಗ್ತಿದ್ದೀನಿ. ಕೇಳಿಸ್ತಾ ಎಲ್ಲರಿಗೂ?"

ಮುಗಿದ ಕೈಗಳನ್ನು ಏನು ಮಾಡುವುದೆಂದು ತಿಳಿಯದೆ ಜನ ನಿಂತಿದ್ದರು. ಅವಳು ಹತ್ತಿ ಕೂತು ಕದಿರೇಶನ ಭುಜಕ್ಕೆ ತಿವಿದಳು.

"ಹೊರಡೋ. ಮೋಟಾರು ನೋಡಕ್ಕೆ ಬಂದೋನ ಥರ ಕೂತಿದ್ದೀಯಲ್ಲ."