ಹಳದಿ ಮಲ್ಲಿಗೆಗೆ ಕ್ಷೌರ

ಕ್ಷೌರಿಕನ ಕೈ ಸುಮ್ಮನಿರುವ ಜಾತಿಯದಲ್ಲ. ಅಂಗಡಿ ಮುಚ್ಚಿ ಎರಡು ವರ್ಷವಾದರೂ ಎದುರಿಗೆ ಬಂದವರ ತಲೆಯ ಮೇಲೇ ಅವನ ಕಣ್ಣು. ಹೆಂಡತಿ ಹಾಸಿಗೆ ಹಿಡಿದ ಮೇಲೆ ಅಡುಗೆ, ಔಷಧಿ, ಬಟ್ಟೆ ಎಲ್ಲ ಅವನ ಪಾಲಿಗೆ ಬಂದವು. ಹಿತ್ತಲಿಗೆ ಮಾತ್ರ ಅವನು ಕೈ ಹಾಕಿರಲಿಲ್ಲ. ಅದು ಅವಳ ರಾಜ್ಯ.

ಅವಳು ಮಲಗಿದ ಕಡೆಯಿಂದ ಕಿಟಕಿಯ ಹೊರಗಿನದು ಕಾಣುತ್ತಿರಲಿಲ್ಲ. ದಿನಾ ಬೆಳಿಗ್ಗೆ ಅವನು ಅಂಗಡಿಯ ಕೈಗನ್ನಡಿಯನ್ನು ಓರೆಯಾಗಿ ಹಿಡಿದು ಹಳದಿ ಮಲ್ಲಿಗೆಯ ಪೊದೆ ತೋರಿಸುತ್ತಿದ್ದ, ಗಿರಾಕಿಗೆ ಹಿಂದಲೆ ತೋರಿಸುವ ಹಾಗೆ. ಚಳಿ ಬಿದ್ದಾಗ ಎಲೆಯಿಲ್ಲದ ಕಡ್ಡಿಗಳ ತುಂಬ ಹೂ ಬಿಡುವ ಗಿಡ ಅದು. "ಇನ್ನೊಂದೇ ಸಲ ಹೂ ನೋಡಿಬಿಟ್ರೆ ಸಾಕು ರೀ" ಎಂದಿದ್ದಳು. ಚಳಿಗಾಲ ದಾಟುವ ಮಾತನ್ನು ಡಾಕ್ಟರು ಆಡಿರಲಿಲ್ಲ.

ಚಳಿಗೆ ಮುಂಚಿನ ಒಂದು ಮಧ್ಯಾಹ್ನ ಅವಳು ನಿದ್ದೆಯಲ್ಲಿದ್ದಾಗ ಆಸಾಮಿ ಇರಲಾರದೆ ಇರುವೆ ಬಿಟ್ಟುಕೊಂಡ. ಪೊದೆ ಕೆದರಿದ ತಲೆಯ ಹಾಗೆ ಕಂಡಿತು, ಕತ್ತರಿ ತಂದ. ನಲವತ್ತು ವರ್ಷ ಪಳಗಿದ ಕೈ. ಚೆಂಡಿನಷ್ಟು ದುಂಡಗೆ ಮಾಡಿಟ್ಟ. ಅವಳು ಎದ್ದಾಗ ಕನ್ನಡಿ ಹಿಡಿದು, "ಇಷ್ಟು ಸಾಕಾ ಮೇಡಂ?" ಎಂದ.

ಅವಳು ಬಹಳ ಹೊತ್ತು ಕನ್ನಡಿಯನ್ನೇ ನೋಡಿದಳು. "ಮದುಮಗನ ಹಾಗೆ ಮಾಡಿಬಿಟ್ಟಿದ್ದೀರಲ್ರೀ" ಎಂದು ನಕ್ಕಳು. ಅವನು ಉಬ್ಬಿಹೋದ.

ಚಳಿ ಬಂತು, ಹೂವಿನ ಸುಳಿವೇ ಇಲ್ಲ. ಅವನು ದಿನಾ ಕಡ್ಡಿ ಕಡ್ಡಿ ತಡವಿ ಬರುತ್ತಿದ್ದ. ಅಕ್ಕನನ್ನು ನೋಡಲು ಬಂದ ನಾದಿನಿ ಪೊದೆಯ ಮುಂದೆ ನಿಂತುಬಿಟ್ಟಳು.

"ಅಯ್ಯೋ ಭಾವ, ಇದಕ್ಕೆ ಬೇಸಿಗೇಲಿ ಬೆಳೆದ ಕಡ್ಡೀಲೇ ಮೊಗ್ಗು ಕೂರೋದು. ಹೂ ಉದುರಿದ ಮೇಲೆ ಕತ್ತರಿಸಬೇಕಿತ್ತು, ಮುಂಚೆ ಅಲ್ಲ."

ಅವನು ಒಳಗೆ ಹೋಗಿ ಮಂಚದ ಪಕ್ಕ ಕೂತ. "ನಿನ್ನ ಹೂವನ್ನೆಲ್ಲ ನಾನೇ ಕತ್ತರಿಸಿಬಿಟ್ಟೆ ಕಣೇ."

"ಅವತ್ತೇ ಗೊತ್ತಾಯ್ತು."

"ಗೊತ್ತಾಗೂ ಬೈಲಿಲ್ವಲ್ಲ?"

"ಬೈದ್ರೆ ಕತ್ತರಿಸಿದ್ದು ಅಂಟಿಕೊಳ್ಳುತ್ತಾ? ನಿಮ್ಮ ಮುಖದಲ್ಲಿ ಅಷ್ಟು ಖುಷಿ ನೋಡಿ ಎಷ್ಟು ದಿನ ಆಗಿತ್ತು." ಅವನ ಕೈ ಹಿಡಿದುಕೊಂಡಳು. "ಮುಂದಿನ ಸಲ ಹೂ ಪೂರ್ತಿ ಉದುರೋವರೆಗೂ ಕಾಯಿರಿ. ಬುಡದ ಹಳೇ ಕಡ್ಡಿ ಮಾತ್ರ ತೆಗೀರಿ. ದುಂಡಗೆ ಮಾಡಬೇಡಿ, ದಮ್ಮಯ್ಯ."

ಚಳಿ ಮುಗಿಯುವ ಮುಂಚೆ ಅವಳು ಹೋದಳು.

ಮರುವರ್ಷ ಪೊದೆ ಮೈತುಂಬ ಹೂ ಬಿಟ್ಟಿತು. ಅವನಿಗೆ ಅಳುವಿಗಿಂತ ಮೊದಲು ಸಿಟ್ಟು ಬಂತು, ಗಿಡದ ಮೇಲೆ, ತನ್ನ ಕೈಯ ಮೇಲೆ. ಆದರೂ ಕಾದ. ಕೊನೆಯ ಹೂ ಬಿದ್ದ ಮೇಲೆ ಬುಡದ ಹಳೇ ಕಡ್ಡಿಗಳನ್ನು ಒಂದೊಂದಾಗಿ ತೆಗೆದ. ಪೊದೆ ಕೆದರಿಕೊಂಡೇ ಉಳಿಯಿತು, ಅವಳು ಹೇಳಿದ ಹಾಗೆ.

ಕತ್ತರಿ ಒರೆಸಿಟ್ಟು ಒಳಗೆ ಬಂದವನು ಕೈಗನ್ನಡಿ ತೆಗೆದುಕೊಂಡು ಕಿಟಕಿಯ ಬಳಿ ಓರೆಯಾಗಿ ಹಿಡಿದ. "ಇಷ್ಟು ಸಾಕೇನೇ?" ಎಂದು ಕೇಳಿದ. ಮಂಚದ ಮೇಲೆ ಮಡಚಿಟ್ಟ ಹೊದಿಕೆಯೊಂದೇ ಇತ್ತು. ಕೈ ಸೋಲುವವರೆಗೂ ಅವನು ಕನ್ನಡಿ ಇಳಿಸಲಿಲ್ಲ.